ಸಂಜೆ ರೇಟಿಗೆ ಕಾದು ಬ್ಯಾಂಕಾಕಿಗೆ ಹೋದದ್ದು

ಮಡಕಶಿರ

ಬ್ಯಾಂಕಾಕಿಗೆ ಹೋಗಿ ಬಂದವರು ಬುದ್ಧನ ಬಗ್ಗೆ ಬರೆಯುತ್ತಾರೆ. ನಾನು ಸೀಟಿನ ಬಗ್ಗೆ ಬರೆಯುತ್ತೇನೆ. ಬುದ್ಧ ಅಲ್ಲಿ ಚಿನ್ನದ ಬಣ್ಣ ಬಳಿಸಿಕೊಂಡು ಆರಾಮಾಗಿ ಮಲಗಿದ್ದಾನೆ, ಹೋದವರಿಗೆಲ್ಲ ಸಿಗುತ್ತಾನೆ. ಕಟ್ಟಿಕೊಂಡ ಹೆಂಡತಿಯ ಪಕ್ಕದ ಸೀಟು ಅಷ್ಟು ಸುಲಭವಾಗಿ ಸಿಗುವುದಿಲ್ಲ ಎಂಬುದು ನನಗೆ ಈ ಪ್ರವಾಸದಲ್ಲಿ ತಿಳಿಯಿತು.

ಗಡಿಯಾಚೆ, ತೆಲುಗು ರಾಜ್ಯಕ್ಕೆ ಸೇರಿದ ಮಡಕಶಿರದಲ್ಲಿ ನಾನು ರೇಷ್ಮೆ ರೀಲರ್. ರೈತರಿಂದ ಗೂಡು ಕೊಂಡು, ಬಿಸಿನೀರಿನಲ್ಲಿ ಬೇಯಿಸಿ, ನೂಲು ತೆಗೆದು ಮಾರುವುದು ನನ್ನ ಕಸುಬು. ಈ ಕಸುಬಿನಲ್ಲಿ ಕೈಗಿಂತ ಹೆಚ್ಚು ಕೆಲಸ ಮಾಡುವುದು ಗಡಿಯಾರ. ಹಿಂದೂಪುರದ ಗೂಡಿನ ಮಾರ್ಕೆಟ್ಟಿಗೆ ರೈತ ಬೆಳಿಗ್ಗೆ ಬಂದಾಗ ಮೀಸೆ ಮೇಲಿರುತ್ತದೆ. ಮಧ್ಯಾಹ್ನಕ್ಕೆ ಅದು ಇಳಿಯುತ್ತದೆ. ಸಂಜೆಗೆ ಅವನೇ ಹತ್ತಿರ ಬಂದು, "ಎಷ್ಟಕ್ಕೆ ತಗೋತೀರಾ, ಯೋಳ್ರಣ್ಣ" ಎನ್ನುತ್ತಾನೆ. ಗೂಡನ್ನು ಮನೆಗೆ ವಾಪಸು ಒಯ್ದರೆ ಒಳಗಿನ ಹುಳು ಚಿಟ್ಟೆಯಾಗಿ, ಗೂಡು ತೂತು ಮಾಡಿಕೊಂಡು ಹಾರಿಹೋಗುತ್ತದೆ. ತೂತಾದ ಗೂಡಿನಲ್ಲಿ ಎಳೆ ಸಿಗುವುದಿಲ್ಲ. ಹಾಗಾಗಿ ಕಾದು ಕೊಳ್ಳುವವನೇ ಜಾಣ. ಮೂವತ್ತು ವರ್ಷ ನಾನು ಹೀಗೆ ಕಾದೇ ಬದುಕಿದ್ದೇನೆ. ಹರಾಜು ಮೊಬೈಲಿಗೆ ಬಂದ ಮೇಲೂ ಕಾಯುವುದನ್ನು ಬಿಟ್ಟಿಲ್ಲ.

ನನ್ನ ಹೆಂಡತಿ ನೀಲಮ್ಮ ರಾಯದುರ್ಗದವಳು. ಅವಳ ತಮ್ಮ ಮಲ್ಲಿಕಾರ್ಜುನ, ನಮ್ಮ ಮಲ್ಲಿ, ಅಲ್ಲಿ ಜೀನ್ಸ್ ಪ್ಯಾಂಟು ಹೊಲಿಸಿ ಊರೂರಿಗೆ ಕಳಿಸುತ್ತಾನೆ. ಅವನ ಹೆಂಡತಿ ಸುಜಾತ. ಒಂದು ದಿನ ಅವನ ಫೋನು ಬಂತು.

"ಭಾವ, ನಾನು ಸುಜಾತ ಬ್ಯಾಂಕಾಕಿಗೆ ಹೊಂಟೀವ್ರಿ. ಟಿಕೆಟ್ ತಗೊಂಡೀನಿ. ಅಕ್ಕನ್ನ ಕರಕೊಂಡು ನೀವೂ ಬರ್ರಿ. ಇನ್ನೂ ಮೂರು ತಿಂಗಳು ಐತಿ, ಈಗ ಅಗ್ಗ ಐತಿ. ಇವತ್ತ ತಗೊಂಡಬಿಡ್ರಿ."

"ಮೂರು ತಿಂಗ್ಳು ಐತೆ ಅಂದ್ಮೇಲೆ ಈಗ್ಲೇ ಯಾಕಲಾ ತಗೋಬೇಕು? ಹತ್ರ ಬರ್ಲಿ, ಇಳೀತೈತೆ" ಎಂದೆ.

ನೀಲಮ್ಮ ಪಕ್ಕದಲ್ಲೇ ಇದ್ದಳು. ಬುದ್ಧ, ಆನೆ, ತೇಲುವ ಸಂತೆ ಯಾವುದರ ಬಗ್ಗೆಯೂ ಅವಳು ಕೇಳಲಿಲ್ಲ. "ವಿಮಾನದಾಗ ಹೆಂಗಸರ ಸೀಟು, ಗಂಡಸರ ಸೀಟು ಅಂತ ಬ್ಯಾರೆ ಇರಂಗಿಲ್ಲಂತಲ್ರಿ? ಹಂಗಾದ್ರ ಒಂದ್ ಸಲ ನಿಮ್ಮ ಬಾಜೂಕ ಕುಂತು ಹೋಗಬೇಕು ನೋಡ್ರಿ. ನಂಗ ಅಷ್ಟ ಸಾಕು" ಎಂದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಡಕಶಿರದಿಂದ ಪಾವಗಡ, ಕಲ್ಯಾಣದುರ್ಗದ ಮೇಲೆ ರಾಯದುರ್ಗಕ್ಕೆ ನಾವು ಮದುವೆಯಾದಾಗಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೇವೆ. ಬಸ್ಸಿನಲ್ಲಿ ಮುಂದಿನ ಸೀಟುಗಳು ಹೆಂಗಸರವು, ಹಿಂದಿನವು ಗಂಡಸರವು. ಅವಳು ಮುಂದೆ, ನಾನು ಹಿಂದೆ. ಕಂಡಕ್ಟರ್ ಟಿಕೆಟ್ ಕೇಳಿದರೆ ಅವಳು ತಿರುಗದೆ, "ವೆನಕಾಲ ಉನ್ನಾರು" ಎನ್ನುತ್ತಾಳೆ, ಹಿಂದಿದ್ದಾರೆ ಎಂದು ತೆಲುಗಿನಲ್ಲಿ. ಹಿಂದಿರುವ ನಾನು ಎರಡು ಬೆರಳು ಎತ್ತುತ್ತೇನೆ. ಪಾವಗಡ ದಾಟುತ್ತಿದ್ದಂತೆ ಅವಳು ರೊಟ್ಟಿಯ ಗಂಟನ್ನು ಹಿಂದಿನ ಸೀಟಿನವರ ಕೈಗೆ ಕೊಡುತ್ತಾಳೆ. ಅದು ಕೈಯಿಂದ ಕೈಗೆ ದಾಟಿ ನನಗೆ ತಲುಪುತ್ತದೆ. ನಮ್ಮ ಬಸ್ಸುಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಅಂಚೆ. ಇಷ್ಟು ವರ್ಷ ಪ್ರಯಾಣದಲ್ಲಿ ನಾನು ಹೆಂಡತಿಯ ಮುಖ ನೋಡಿಲ್ಲ. ನೋಡಿದ್ದು ಅವಳ ತುರುಬು, ಅದರ ಮೇಲಿನ ಕನಕಾಂಬರ.

"ಆಯ್ತು ಕಣಮ್ಮಿ, ಅಕ್ಕಪಕ್ಕ ಕುಂತೇ ಹೋಗಾನ" ಎಂದು ಮಾತು ಕೊಟ್ಟೆ. ಮಾತಿಗೇನು ದುಡ್ಡು ಬೀಳುವುದಿಲ್ಲವಲ್ಲ.

ರಾಯದುರ್ಗ

ಆಮೇಲೆ ದಿನವೂ ಮೊಬೈಲಿನಲ್ಲಿ ರೇಟು ನೋಡುವುದೇ ನನ್ನ ಕೆಲಸವಾಯಿತು. ಒಂದು ವಾರ ನಿಂತಲ್ಲೇ ನಿಂತಿತ್ತು. ಆಮೇಲೆ ಏರಿತು. ಒಂದು ಬುಧವಾರ ಕೊಂಚ ಇಳಿದಾಗ ನಾನು ಗೆದ್ದವನಂತೆ ನಕ್ಕು, ಇನ್ನೂ ಇಳಿಯಲಿ ಎಂದು ಕಾದೆ. ಶುಕ್ರವಾರ ಮತ್ತೆ ಏರಿ ಕುಳಿತಿತ್ತು. ಮಡಕಶಿರದಲ್ಲಿ ಸಲಹೆಗಾರರಿಗೆ ಬರವಿಲ್ಲ. ನೀವು ಪದೇಪದೇ ನೋಡುವುದು ಅವರಿಗೆ ಗೊತ್ತಾಗಿ ಏರಿಸುತ್ತಾರೆ, ಬೇರೆಯವರ ಮೊಬೈಲಿನಲ್ಲಿ ನೋಡಿ ಎಂದರು ಮೆಡಿಕಲ್ ಶಾಪಿನವರು. ನೋಡಿದೆ. ಅವರ ಮೊಬೈಲಿನಲ್ಲೂ ಅದೇ ರೇಟು, ಜೊತೆಗೆ ಅವರ ಬೀಗರ ಮೂರು ಮಿಸ್ಡ್ ಕಾಲು. ನೆಟ್ ಸೆಂಟರಿನವನು ಮಂಗಳವಾರವೇ ಕೊಳ್ಳಬೇಕು ಎಂದ. ಯಾಕೆ ಎಂದರೆ ಅವನಿಗೂ ಗೊತ್ತಿರಲಿಲ್ಲ. ಮಂಗಳವಾರ ಅವನ ಅಂಗಡಿಗೆ ಗಿರಾಕಿ ಕಡಿಮೆ ಎಂಬುದಷ್ಟೇ ನನಗೆ ಹೊಳೆದ ಕಾರಣ.

ಹೊರಡಲು ಹದಿನೈದು ದಿನ ಉಳಿದಾಗ ಯಾರದೋ ಗೃಹಪ್ರವೇಶಕ್ಕೆ ರಾಯದುರ್ಗಕ್ಕೆ ಹೋದೆವು. ಊಟಕ್ಕೆ ಕುಳಿತಾಗ ಮಲ್ಲಿ ಎಲ್ಲರಿಗೂ ಕೇಳುವಂತೆ, "ಏನ್ರಿ ಭಾವ, ಇಳೀತೇನ್ರಿ?" ಎಂದ.

"ಇಳೀತೈತೆ. ಸೀಟು ಖಾಲಿ ಬಿಟ್ಕಂಡು ಹೋದ್ರೆ ಅವ್ರಿಗೇನು ಬತ್ತೈತೆ? ಗೂಡಾದ್ರೂ ಇನ್ನೊಂದು ದಿನ ಇರ್ತೈತೆ. ವಿಮಾನ ಮೇಲೆದ್ದ ಮ್ಯಾಲೆ ಖಾಲಿ ಸೀಟು ಯಾರಿಗ್ಮಾರ್ತಾರೆ?"

ಈ ವಾದದಲ್ಲಿ ತಪ್ಪು ತೋರಿಸುವವರನ್ನು ನಾನು ಇಂದಿಗೂ ಕಂಡಿಲ್ಲ. ತಪ್ಪಿರುವುದು ವಿಮಾನದವರಲ್ಲಿ.

ಮಲ್ಲಿ ಹೋಳಿಗೆ ಮುರಿಯುತ್ತ ಪಾಠ ಶುರು ಮಾಡಿದ. ಅವನಿಗೆ ಪಾಠ ಮಾಡುವುದೆಂದರೆ ಹೋಳಿಗೆಗಿಂತ ಇಷ್ಟ. "ಭಾವ, ಅದು ಮಾರ್ಕೆಟ್ ಅಲ್ರಿ. ಒಂದ ವಿಮಾನ, ಒಂದ ಥರ ಸೀಟು, ಹತ್ತು ಥರ ರೇಟು. ಮೊದಲ ಬಂದ ಒಂದಿಷ್ಟು ಮಂದಿಗೆ ಅಗ್ಗದ್ದು. ಅವು ತೀರಿದ್ವು ಅಂದ್ರ ಮ್ಯಾಲಿನ ರೇಟು. ಅವೂ ತೀರಿದ್ರ ಅದರ ಮ್ಯಾಲಿಂದು. ಕಡೀಕ ಬರಾವ ಯಾರ್ ಹೇಳ್ರಿ? ಹೋಗಲೇಬೇಕಾದಾವ. ಸಾವಿಗೋ, ಕೋರ್ಟಿಗೋ, ದಂಧೆಗೋ. ಅವ ಎಷ್ಟಂದ್ರೂ ಕೊಡ್ತಾನ. ಅವನ ಸಲುವಾಗಿ ನಾಕು ಸೀಟು ಇಟ್ಕೊಂಡು ಕುಂತಿರ್ತಾರ ಅವ್ರು."

ನಾನು ಮಜ್ಜಿಗೆ ಕುಡಿಯುವ ನೆಪದಲ್ಲಿ ಲೋಟದಲ್ಲಿ ಮುಖ ಮುಚ್ಚಿಕೊಂಡೆ. ಗೂಡು ಯಾರದು ಒಡೆಯುವ ಹಂತಕ್ಕೆ ಬಂದಿದೆ ಎಂದು ಮುಖ ನೋಡಿ ಹೇಳುವವನು ನಾನು. ಆ ಕಂಪನಿಯವರು ನನ್ನನ್ನು ನೋಡದೆಯೇ ಹೇಳಿಬಿಟ್ಟಿದ್ದರು. ಈ ವ್ಯಾಪಾರದಲ್ಲಿ ರೀಲರ್ ಅವರು, ಗೂಡಿನ ಚೀಲ ಹಿಡಿದು ಸಂಜೆಯಲ್ಲಿ ನಿಂತ ರೈತ ನಾನು.

ಆದರೂ ಕಸುಬು ಬಿಟ್ಟುಕೊಡುತ್ತದೆಯೇ? ಅಂದೇ ಮಲ್ಲಿಯ ಮೊಬೈಲು ಹಿಡಿದು ಕುಳಿತಾಗ ಒಂದು ವಿಚಿತ್ರ ಕಂಡೆ. ಎರಡು ಟಿಕೆಟ್ ಎಂದು ಕೇಳಿದರೆ ಎರಡಕ್ಕೂ ಹೆಚ್ಚಿನ ರೇಟು. ಒಂದೇ ಎಂದು ಕೇಳಿದರೆ ಕಡಿಮೆ. ಕೆಳಗಿನ ರೇಟಿನಲ್ಲಿ ಒಂದೇ ಸೀಟು ಉಳಿದಿತ್ತು. ಎರಡು ಬೇಕೆಂದವನಿಗೆ ಅದನ್ನು ತೋರಿಸದೆ ಎರಡನ್ನೂ ಮೇಲಿನ ರೇಟಿಗೆ ಹಾಕುತ್ತಿದ್ದರು. ಕಳ್ಳರು! ಮಾರ್ಕೆಟ್ಟಿನಲ್ಲಿ ಗೂಡಿನ ಲಾಟು ಒಡೆದು ಪಾಲು ಪಾಲಾಗಿ ಕೊಳ್ಳುವುದು ನನಗೆ ಗೊತ್ತಿಲ್ಲವೇ? ಒಂದನ್ನು ನೀಲಮ್ಮನ ಹೆಸರಿಗೆ ಕೆಳಗಿನ ರೇಟಿನಲ್ಲಿ ತೆಗೆದೆ. ಇನ್ನೊಂದನ್ನು ನನ್ನ ಹೆಸರಿಗೆ ಬೇರೆಯಾಗಿ ತೆಗೆದೆ. ಬರುವಾಗಿನ ಟಿಕೆಟ್ಟೂ ಹಾಗೆಯೇ.

"ಭಾವ, ಸೀಟಿಗೆ ಬ್ಯಾರೆ ದುಡ್ಡು ಕಟ್ರಿ, ಇಲ್ಲಂದ್ರ..." ಎಂದು ಮಲ್ಲಿ ಬಾಯಿ ತೆರೆದ.

"ಟಿಕೆಟ್ ತಗೊಂಡ್ಮೇಲೆ ಸೀಟಿಗೆ ಬೇರೆ ದುಡ್ಡಾ? ನಿಂತ್ಕಂಡು ಬತ್ತೀನಿ ಅಂದ್ರೆ ವಾಪಸ್ ಕೊಡ್ತಾರಾ?" ಎಂದೆ. ಸುತ್ತ ಕುಳಿತವರು ನಕ್ಕರು. ನಾನೂ ನಕ್ಕೆ. ನೀಲಮ್ಮ ಒಳಗೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು.

ಬೆಂಗಳೂರಿನ ವಿಮಾನ ನಿಲ್ದಾಣ

ಕೌಂಟರಿನ ಹುಡುಗಿ ಮುಗುಳ್ನಗೆಯನ್ನು ಸಮವಸ್ತ್ರದ ಜೊತೆಗೇ ತೊಟ್ಟುಕೊಂಡು ಬಂದಂತಿದ್ದಳು. ನೀಲಮ್ಮನಿಗೆ ಏಳನೆಯ ಸಾಲು, ನನಗೆ ಇಪ್ಪತ್ತೊಂಬತ್ತು.

"ಇವ್ರು ನನ್ ಹೆಂಡ್ತಿ ಕಣಮ್ಮ" ಎಂದೆ.

"ಸರ್, ಬುಕಿಂಗ್ ಬೇರೆ ಬೇರೆ ಇದೆ. ಸಿಸ್ಟಮ್ಮಿಗೆ ನೀವಿಬ್ಬರೂ ಸಂಬಂಧ ಇಲ್ಲದವರು."

ನೂರಾರು ಜನ ಉಂಡು ಹೋದ ಮದುವೆಯನ್ನು ಒಂದು ಕಂಪ್ಯೂಟರು ಹೀಗೆ ರದ್ದು ಮಾಡಿತು. ಪಕ್ಕಪಕ್ಕ ಬೇಕಾದರೆ ಇಬ್ಬರೂ ಸೀಟಿನ ಶುಲ್ಕ ಕಟ್ಟಬೇಕು ಎಂದಳು. ಆ ಶುಲ್ಕ ಲಾಟು ಒಡೆದು ನಾನು ಉಳಿಸಿದ್ದನ್ನು ನುಂಗಿ, ಮೇಲೊಂದು ಹಿಡಿ ಕೇಳುತ್ತಿತ್ತು. ಕಟ್ಟಬಹುದಿತ್ತು. ಆದರೆ ಹಿಂದೆಯೇ ಮಲ್ಲಿ ನಿಂತಿದ್ದ, ಮೊದಲೇ ದುಡ್ಡು ಕಟ್ಟಿದ ಅವನ ಮುಖದಲ್ಲಿ 'ನಾ ಹೇಳ್ಲಿಲ್ಲೇನ್ರಿ' ಎಂಬ ಮಾತು ಕುದಿಯುತ್ತಿತ್ತು. ಅವನ ಮುಂದೆ ಪರ್ಸು ತೆಗೆಯಲು ನನಗೆ ಮನಸ್ಸು ಬರಲಿಲ್ಲ.

"ಒಳಗೆ ಹೋದ್ಮೇಲೆ ಯಾರ್ನಾದ್ರೂ ಕೇಳಿ ಬದ್ಲಾಯಿಸ್ಕಳಾನ" ಎಂದೆ.

ನೀಲಮ್ಮ ಟಿಕೆಟ್ಟಿನ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಲ್ಲೂ ನಾ ಮುಂದ, ನೀವು ಹಿಂದ ಅನ್ರಿ" ಎಂದಳು. ಅವಳು ಸಿಟ್ಟಾಗಿದ್ದರೆ ನನಗೆ ಸಲೀಸಾಗುತ್ತಿತ್ತು. ಅವಳು ಸಿಟ್ಟಾಗಲಿಲ್ಲ.

ಆಕಾಶ

ನೀಲಮ್ಮನ ಸಾಲಿನಲ್ಲಿ ಕಿಟಕಿಗೆ ಥಾಯ್ ಅಜ್ಜಿಯೊಬ್ಬಳಿದ್ದಳು, ಆಚೆ ಬದಿಯಲ್ಲಿ ಕೋಟು ಹಾಕಿದ ಮನುಷ್ಯ. ಸೀಟು ಬದಲಿಸುತ್ತೀರಾ ಎಂದು ಕೋಟಿನವನನ್ನು ಕೇಳಿದೆ. ಅವನು ಕಣ್ಣು ತೆರೆಯದೆ, "ಪೇಯ್ಡ್ ಸೀಟ್" ಎಂದ. ಎರಡೇ ಶಬ್ದ. ಇಡೀ ವಿಮಾನಯಾನದ ಶಾಸ್ತ್ರ ಅದರಲ್ಲಿ ಮುಗಿಯಿತು.

ನನ್ನ ಸಾಲು ಪಾಯಖಾನೆಯ ನೆರೆಯಲ್ಲಿತ್ತು. ಬಸ್ಸಿನಲ್ಲಾದರೆ ತುರುಬು ಕಾಣುತ್ತಿತ್ತು. ವಿಮಾನದವರು ಸೀಟಿನ ಬೆನ್ನನ್ನು ಎಷ್ಟು ಎತ್ತರ ಮಾಡಿದ್ದರೆಂದರೆ ಕನಕಾಂಬರದ ಒಂದು ಎಸಳೂ ಕಾಣಲಿಲ್ಲ. ವಿಮಾನ ಓಡತೊಡಗಿತು. ಮೊದಲ ಸಲ ಏರುವ ಅವಳಿಗೆ ಏನಾಗುತ್ತಿದೆಯೋ ಎಂದು ಕತ್ತು ಉದ್ದ ಮಾಡಿದೆ. ಬೆಲ್ಟು ಎಳೆದು ಕೂರಿಸಿತು. ಹೆದರಿಕೆಯಲ್ಲಿ ಅವಳು ಥಾಯ್ ಅಜ್ಜಿಯ ಕೈ ಹಿಡಿದುಕೊಂಡಳಂತೆ, ಅಜ್ಜಿ ಮೇಲೇರಿ ಮುಗಿಯುವ ತನಕ ಬಿಡಿಸಿಕೊಳ್ಳಲಿಲ್ಲವಂತೆ. ಇದನ್ನು ಅವಳು ಆಮೇಲೆ ಹೇಳಿದಳು. ಕೇಳಿ ಆ ಅಜ್ಜಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಒಂದು ಗಂಟೆ ಕಳೆದಿರಬಹುದು. ಮುಂದಿನ ಸಾಲುಗಳಲ್ಲಿ ಏನೋ ಗುಸುಗುಸು ಎದ್ದಿತು. ಒಬ್ಬೊಬ್ಬರೇ ಹಿಂದಕ್ಕೆ ತಿರುಗಿ, ಸೀಟಿನ ಮೇಲಿಂದ ಏನನ್ನೋ ದಾಟಿಸುತ್ತಿದ್ದರು. ಬಿಳಿ ಬಟ್ಟೆಯ ಗಂಟು. ನೀಲಮ್ಮ ಪಾವಗಡ ದಾಟಿತು ಎಂದುಕೊಂಡು ರೊಟ್ಟಿ ಕಳಿಸಿದ್ದಳು!

ನಮ್ಮ ಬಸ್ಸಿನಲ್ಲಿ ಗಂಟು ಕೊಟ್ಟರೆ ಯಾರೂ ಏನು, ಯಾಕೆ, ಎತ್ತ ಎನ್ನುವುದಿಲ್ಲ. ಇಲ್ಲಿ ಹನ್ನೆರಡನೆಯ ಸಾಲಿನವರು ಮೂಸಿ ನೋಡಿದರು. ಹದಿನೈದರಲ್ಲಿ ಒಬ್ಬ ಬಿಳಿಯ ತನಗೇ ಕೊಟ್ಟರೆಂದು ಕೈ ಮುಗಿದು ಮಡಿಲಲ್ಲಿಟ್ಟುಕೊಂಡ. ಪಕ್ಕದವರು ಹೇಳಿ ಬಿಡಿಸಿದರು. ಇಪ್ಪತ್ತನೆಯ ಸಾಲಿನಲ್ಲಿ ಗಗನಸಖಿ ಗಂಟನ್ನು ತಡೆದು ಎತ್ತಿ ಹಿಡಿದಳು. ಹೊರಗಿನ ತಿಂಡಿ ತಿನ್ನುವಂತಿಲ್ಲ, ಬೇಕಾದರೆ ತಮ್ಮಲ್ಲಿ ಕೊಂಡು ತಿನ್ನಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಸೀಟಿಗೆ ಬೇರೆ, ಚೀಲಕ್ಕೆ ಬೇರೆ, ನೀರಿಗೆ ಬೇರೆ, ಈಗ ನಮ್ಮ ರೊಟ್ಟಿ ನಾವು ತಿನ್ನದಿರುವುದಕ್ಕೂ ಅವರದೊಂದು ಲೆಕ್ಕ. ನಾನು ಎದ್ದು ನಿಂತು, "ಅದು ನಂದು" ಎಂದು ಕೂಗಿದೆ. ಇಡೀ ವಿಮಾನ ತಿರುಗಿ ನೋಡಿತು. ಇಳಿದ ಮೇಲೆ ತಿನ್ನುತ್ತೇನೆಂದು ಒಪ್ಪಿಕೊಂಡ ಮೇಲೆ ಗಂಟು ಕೈಗೆ ಬಂತು. ಒಂದು ರೊಟ್ಟಿಯ ಅಂಚು ಮುರಿದಿತ್ತು. ಹದಿನೈದನೆಯ ಸಾಲಿನವನ ಮೀಸೆಯಲ್ಲಿ ಶೇಂಗಾ ಪುಡಿ ಇತ್ತು.

ಬ್ಯಾಂಕಾಕ್

ಊರು ಚೊಕ್ಕಟವಾಗಿದೆ, ಬೆವರು ಮಾತ್ರ ನಿಲ್ಲುವುದಿಲ್ಲ. ಜನ ಕಂಡಕಂಡವರಿಗೆ ಕೈ ಮುಗಿಯುತ್ತಾರೆ. ಬೆಲೆ ಇಳಿಸುವುದಿಲ್ಲ ಎನ್ನುವಾಗಲೂ ಕೈ ಮುಗಿದೇ ಎನ್ನುತ್ತಾರೆ. ಅಂಗಡಿಯವಳೊಬ್ಬಳ ಹತ್ತಿರ ನಾನು ಅರ್ಧ ದಿನ ನಿಂತೆ, ಮುಚ್ಚುವ ಹೊತ್ತಿಗೆ ರೇಷ್ಮೆ ಶಾಲಿನ ರೇಟು ಇಳಿದೀತು ಎಂದು. ಅವಳು ಕೂರಲು ಸ್ಟೂಲು ಕೊಟ್ಟಳು, ತಣ್ಣೀರು ಕೊಟ್ಟಳು, ಕೊನೆಗೆ ನಗುತ್ತ ಬಾಗಿಲು ಎಳೆದುಕೊಂಡು ಹೋದಳು. ನನ್ನ ವಿದ್ಯೆ ಸಮುದ್ರ ದಾಟುವುದಿಲ್ಲ ಎಂಬುದು ಖಾತ್ರಿಯಾಯಿತು.

ರಸ್ತೆ ಬದಿಯ ಗಾಡಿಯೊಂದರಲ್ಲಿ ಕಂದು ಬಣ್ಣದ ಏನನ್ನೋ ಕರಿದು ರಾಶಿ ಹಾಕಿದ್ದರು. ಹತ್ತಿರ ಹೋಗುವ ಮುಂಚೆಯೇ ಮೂಗಿಗೆ ಗುರುತು ಸಿಕ್ಕಿತು. ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆ ಹುಳು! ನಾವು ಹಿತ್ತಲಲ್ಲಿ ಒಣಹಾಕಿದರೆ ಇಡೀ ಬೀದಿ ನಮ್ಮನ್ನು ಬೈಯುವ ಅದೇ ಹುಳುವನ್ನು ಇಲ್ಲಿ ಉಪ್ಪು ಉದುರಿಸಿ ಪೊಟ್ಟಣ ಕಟ್ಟಿ ಮಾರುತ್ತಿದ್ದರು.

ನೀಲಮ್ಮ ಸೆರಗು ಮೂಗಿಗೆ ಹಿಡಿದಳು. "ಈ ವಾಸನಿ ಬ್ಯಾಡಂತ ಇಷ್ಟು ದೂರ ಬಂದ್ರ, ಇದು ನಮಗಿಂತ ಮೊದಲ ಬಂದು ಕುಂತೈತಲ್ರಿ."

"ಇದು ಮುಂಚೇನೇ ಬುಕ್ ಮಾಡ್ಕಂಡಿತ್ತು ಕಣಮ್ಮಿ" ಎಂದೆ. ಬೆಂಗಳೂರು ಬಿಟ್ಟ ಮೇಲೆ ಅವಳು ನಕ್ಕಿದ್ದು ಆಗಲೇ.

ಸಿಟಿ ಬಸ್ಸು ಹತ್ತಿದಾಗ ಅವಳ ಕಾಲು ತಾನಾಗಿ ಮುಂದಿನ ಸೀಟಿಗೆ ಹೋಯಿತು. ಅಲ್ಲಿ ಕಾವಿಯುಟ್ಟ ಭಿಕ್ಷುವೊಬ್ಬರಿದ್ದರು. ಇವಳು ಪಕ್ಕದಲ್ಲಿ ಕೂರುತ್ತಿದ್ದಂತೆ ಅವರು ಬೆಂಕಿ ಬಿದ್ದವರಂತೆ ಎದ್ದು ನಿಂತರು. ಅಲ್ಲಿ ಮುಂದಿನ ಸೀಟು ಭಿಕ್ಷುಗಳದು, ಅವರಿಗೆ ಹೆಂಗಸರು ಸೋಕುವಂತಿಲ್ಲ. ಕಂಡಕ್ಟರ್ ಹೆಂಗಸು ಓಡಿ ಬಂದು ಇವಳನ್ನು ಎಬ್ಬಿಸಿದಳು. ನೀಲಮ್ಮನ ಕೆನ್ನೆ ಕೆಂಪಾಗಿತ್ತು. ಬಂದು ನನ್ನ ಪಕ್ಕ ಕಂಬಿ ಹಿಡಿದು ನಿಂತಳು.

"ನಮ್ಮೂರಾಗ ಮುಂದಿಂದ ಎಬ್ಬಸಂಗಿಲ್ಲ, ಇಲ್ಲಿ ಎಬ್ಬಸ್ತಾರ. ನನ್ ಹಣ್ಯಾಗ ನಿಮ್ಮ ಬಾಜೂಕ ನಿಲ್ಲೋದು ಬರದೈತಿ, ಕೂಡೋದು ಬರದಿಲ್ಲ ಬಿಡ್ರಿ" ಎಂದಳು. ನಗೆಯಾಡುವ ದನಿಯಲ್ಲೇ ಎಂದಳು. ಆ ಸಂಜೆ ಮಲ್ಲಿಯ ಕೋಣೆಗೆ ಹೋಗಿ, "ಬರೋವಾಗಿನ ಸೀಟಿಗೆ ದುಡ್ಡು ಕಟ್ಟಲಾ, ಎರಡೂ ಅಕ್ಕಪಕ್ಕ ಇರ್ಬೇಕು. ಎಷ್ಟಾದ್ರೂ ಆಗ್ಲಿ" ಎಂದೆ. ಮಲ್ಲಿ ನನ್ನ ಹಣೆ ಮುಟ್ಟಿ ಜ್ವರ ನೋಡಿದ.

ಮತ್ತೆ ಆಕಾಶ

ಹದಿನಾಲ್ಕನೆಯ ಸಾಲು. ನಾನು ದಾರಿಯ ಕಡೆ, ನೀಲಮ್ಮ ನಡುವೆ. ಬೆಲ್ಟು ಹಾಕಿಕೊಂಡು ಇಬ್ಬರೂ ಹೊಸ ಮದುಮಕ್ಕಳಂತೆ ನೆಟ್ಟಗೆ ಕುಳಿತೆವು. ಅವಳು ಹೊಸ ಸೀರೆ ಉಟ್ಟಿದ್ದಳು. "ಗಾಳಿ ಜಾಸ್ತಿ ಬತ್ತೈತಾ?" ಎಂದೆ.

ಆಗಲೇ ಕಿಟಕಿಯ ಪಕ್ಕದಲ್ಲಿದ್ದ ಮುದುಕಿ ಅಳುವುದು ಕೇಳಿಸಿತು. ಚಿಕ್ಕಬಳ್ಳಾಪುರದ ಕಡೆಯವಳು. ಕಣ್ಣು ಸರಿಯಾಗಿ ಕಾಣದು. ಮಗಳ ಸೀಟು ಎಲ್ಲೋ ಹಿಂದೆ ಬಿದ್ದಿತ್ತು. "ನನ್ ಮಗಳು ಎಲ್ಲವ್ಳಮ್ಮಾ?" ಎಂದು ಮುದುಕಿ ನೀಲಮ್ಮನ ಸೆರಗು ಹಿಡಿದಳು. ಮಗಳು ದಾರಿಯಲ್ಲಿ ಬಂದು ನಿಂತು, ಟಿಕೆಟ್ ಬೇರೆ ಬೇರೆ ತಗೊಂಡಿದ್ದಕ್ಕೆ ಹೀಗಾಯಿತು ಎಂದು ತಡವರಿಸಿದಳು. ಇನ್ನೊಬ್ಬ ಜಾಣೆ!

ನೀಲಮ್ಮ ಆಗಲೇ ಬೆಲ್ಟು ಬಿಚ್ಚುತ್ತಿದ್ದಳು.

"ಏ, ಇದು ದುಡ್ಡು ಕೊಟ್ಟಿರೋ ಸೀಟು ಕಣೆ!" ಎಂದೆ. ಅಂದ ಮೇಲೆ ನನ್ನ ಬಾಯಲ್ಲಿ ಕೋಟಿನವನ ದನಿ ಕೇಳಿಸಿತು.

"ದುಡ್ಡು ನಿಮ್ದು, ಸೀಟು ನಂದ್ರಿ" ಎಂದಳು ಅವಳು. "ಹೋಗೋವಾಗ ಆ ಅಜ್ಜಿ ಕೈ ಕೊಡಲಿಲ್ಲಂದ್ರ ನಾ ಸತ್ತೇ ಹೋಗ್ತಿದ್ದೆ. ಸರೀರಿ ಆಕಡೆ."

ನಾನು ಕಾಲು ಮಡಚಿ ದಾರಿ ಬಿಟ್ಟೆ. ಅವಳು ಹಿಂದೆ ಹೋದಳು, ಮಗಳು ಬಂದು ಕುಳಿತಳು. ತಾಯಿ ಮಗಳು ಕೈ ಕೈ ಹಿಡಿದು ನಿದ್ದೆ ಹೋದರು. ಈ ಸಲ ಅವಳು ಹಿಂದೆ, ನಾನು ಮುಂದೆ. ನನ್ನ ಬೋಳುತಲೆ ಅಲ್ಲಿಂದ ಕಾಣುತ್ತಿತ್ತೋ ಇಲ್ಲವೋ ಕೇಳಲಿಲ್ಲ.

ಹಿಂದೂಪುರದಿಂದ ಮಡಕಶಿರ

ಬೆಂಗಳೂರಿನಲ್ಲಿ ಮಲ್ಲಿ ದಂಪತಿ ಬಳ್ಳಾರಿ ಕಡೆಯ ಬಸ್ಸು ಹಿಡಿದರು. ನಾವು ಹಿಂದೂಪುರದವರೆಗೆ ರೈಲಿನಲ್ಲಿ ನಿಂತು ಬಂದೆವು. ಹಿಂದೂಪುರದಲ್ಲಿ ಮಡಕಶಿರದ ಬಸ್ಸು ತುಂಬಿ ನಿಂತಿತ್ತು. ನಮ್ಮ ರಾಜ್ಯದಲ್ಲಿ ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ಇಂಥ ದಿನ ಬುಕ್ ಮಾಡಬೇಕು, ಇಂಥ ದಿನ ಮಾಡಬಾರದು ಎಂಬುದಿಲ್ಲ. ನೀಲಮ್ಮನಿಗೆ ಮುಂದೆ ಒಳ್ಳೆಯ ಸೀಟೇ ಸಿಕ್ಕಿತು. ನಾನು ಕೊನೆಯ ಸಾಲಿಗೆ ಹೋದೆ. ಪಕ್ಕದಲ್ಲಿ ನಮ್ಮ ಕಡೆಯ ರೊಳ್ಳ ಊರಿನ ರೈತರೊಬ್ಬರು ಗೂಡಿನ ಖಾಲಿ ಚೀಲ ಮಡಿಲಲ್ಲಿಟ್ಟು ಕುಳಿತಿದ್ದರು.

"ಏನ್ ಸಾವ್ಕಾರ್ರೆ, ಈ ವಾರ ಮಾರ್ಕೆಟ್ನಾಗೆ ಕಾಣ್ಲೇ ಇಲ್ಲ? ಅದ್ಕೇ ರೇಟು ನೆಟ್ಟಗಿತ್ತು ಬುಡಿ" ಎಂದರು. ನಾನು ಬ್ಯಾಂಕಾಕಿನ ಚೀಲವನ್ನು ಕಾಲಿನಿಂದ ಸೀಟಿನ ಕೆಳಗೆ ತಳ್ಳಿದೆ.

ಬಸ್ಸು ಊರು ದಾಟಿತು. ಮುಂದೆ ತುರುಬು ಕಾಣುತ್ತಿತ್ತು. ನೋಡುತ್ತಿದ್ದಂತೆ ಅದು ಎದ್ದಿತು. ನೀಲಮ್ಮ ಕಂಬಿಯಿಂದ ಕಂಬಿಗೆ ಕೈ ಬದಲಿಸುತ್ತ, ನಿಂತವರ ನಡುವೆ ನುಸುಳಿಕೊಂಡು ಹಿಂದೆ ಬಂದಳು.

"ಅಣ್ಣಾರ, ಒಂಚೂರು ಏಳ್ರಿ. ನಾ ಇಲ್ಲಿ ಕುಂದ್ರತೀನಿ" ಎಂದಳು ರೈತರಿಗೆ.

"ಮುಂದೆ ಅಂಥ ಸೀಟ್ ಬುಟ್ಟು ಇಲ್ಲಿಗ್ಯಾಕಮ್ಮ ಬಂದೆ? ಇಲ್ಲಿ ಬಲೇ ಎತ್ತಾಕ್ತೈತೆ."

"ಎತ್ತಾಕ್ಲಿ ಬಿಡ್ರಿ."

ಅವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ನಕ್ಕು ಚೀಲ ಹೆಗಲಿಗೆ ಹಾಕಿಕೊಂಡು ಎದ್ದರು. ಶುಲ್ಕ ಕೇಳಲಿಲ್ಲ. ಕಂಡಕ್ಟರ್ ಬಂದು ಅವಳಿಗೆ ಸೊನ್ನೆ ಬರೆದ ಟಿಕೆಟ್ಟು ಹರಿದು ಕೊಟ್ಟ.

"ಈ ಸೀಟಿಗೆ ಎಷ್ಟ್ರಿ?" ಎಂದಳು ನನಗೆ ಅದನ್ನು ತೋರಿಸಿ.

"ಸೊನ್ನೆ."

"ನೀವಾಗಿದ್ರ ಇನ್ನೂ ಇಳೀತೈತೆ ಅಂತ ಕಾಯ್ತಿದ್ರಿ."

ಮುಂದಿನ ಹಳ್ಳದಲ್ಲಿ ಬಸ್ಸು ನಮ್ಮಿಬ್ಬರನ್ನೂ ಒಟ್ಟಿಗೆ ಎತ್ತಿ ಹಾಕಿತು. ಅವಳು ನನ್ನ ಕೈ ಹಿಡಿದುಕೊಂಡಳು. ರಸ್ತೆ ಸಮವಾದ ಮೇಲೂ ಬಿಡಲಿಲ್ಲ. ಹಿಪ್ಪುನೇರಳೆ ತೋಟಗಳು ಬಂದು ಹೋಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವಳ ತಲೆ ನನ್ನ ಭುಜಕ್ಕೆ ಬಂತು. ಮಡಕಶಿರದವರೆಗೆ ನಾನು ತೋಳು ಅಲ್ಲಾಡಿಸಲಿಲ್ಲ. ವಿಮಾನದವರು ಪಕ್ಕದ ಸೀಟಿಗೆ ಹೇಳಿದ್ದ ರೇಟು ನೆನಪಾಯಿತು. ಬಹಳ ಕಡಿಮೆ ಹೇಳಿದ್ದರು.